ದೊಡ್ಡ ಮೂಗಿನವನ ಜನ್ಮಗಳು

ಸರುತಾಹಿಕೊ ಸೇನಾಪತಿ. ಮೂರನೆಯ ಶತಮಾನದ ಜಪಾನಿನಲ್ಲಿ ಯಮತಾಯ್ ನಾಡಿನ ರಾಣಿ ಹಿಮಿಕೊಗಾಗಿ ಊರುಗಳನ್ನು ಸುಡುವವನು. ಹಾಗೆ ಸುಟ್ಟ ಊರೊಂದರಲ್ಲಿ ಬದುಕುಳಿದ ನಾಗಿ ಎಂಬ ಹುಡುಗನ ಮೇಲೆ ಮಾತ್ರ ಅವನ ಕತ್ತಿ ಏಳುವುದಿಲ್ಲ. ತನ್ನನ್ನೇ ಕೊಲ್ಲಲು ಹವಣಿಸುವ ಆ ಪೋರನನ್ನು ಮನೆಗೆ ತಂದು ಸಾಕುತ್ತಾನೆ. ಮುಂದೆ ರಾಣಿಯ ಕೋಪಕ್ಕೆ ಸಿಕ್ಕಿ ಕಣಜಗಳು ತುಂಬಿದ ಗುಂಡಿಗೆ ಬೀಳುತ್ತಾನೆ. ಜೀವವೇನೋ ಉಳಿಯುತ್ತದೆ, ಆದರೆ ಊದಿದ ಮೂಗು ಮುಖದ ಅರ್ಧ ಜಾಗ ನುಂಗಿಬಿಡುತ್ತದೆ. ಮತ್ತೆ ಇಳಿಯುವುದೇ ಇಲ್ಲ.

1967ರಲ್ಲಿ 'ಕಾಮ್' ಎಂಬ ಮಾಸಪತ್ರಿಕೆಯಲ್ಲಿ ಇದನ್ನು ಓದಿದ ಜಪಾನಿಯರಿಗೆ ಅದು ಬರೀ ನಗೆಯ ಮೂಗು. ಅದೇ ಪತ್ರಿಕೆಯ ಮುಂದಿನ ಕಥೆ ನಡೆದದ್ದು ಕ್ರಿ.ಶ. 3404ರಲ್ಲಿ. ಪಾಳುಬಿದ್ದ ಭೂಮಿಯ ಮೇಲೆ ಗುಮ್ಮಟ ಕಟ್ಟಿಕೊಂಡು ಒಂಟಿಯಾಗಿ ಬದುಕುವ ಡಾಕ್ಟರ್ ಸರುತಾನ ಮುಖದಲ್ಲೂ ಅಂಥದೇ ಮೂಗು. 1969ರಲ್ಲಿ ಎಂಟನೆಯ ಶತಮಾನದ ನಾರಾ ನಗರದ ಕಥೆ ಶುರುವಾಯಿತು, ಅಲ್ಲಿನ ದರೋಡೆಕೋರನೊಬ್ಬನ ಮೂಗೂ ಊದತೊಡಗಿತು. ಇಷ್ಟು ಹೊತ್ತಿಗೆ ಓದುಗನ ನಗು ನಿಂತಿರುತ್ತದೆ. ಇವನನ್ನು ಎಲ್ಲೋ ನೋಡಿದ್ದೇನಲ್ಲ ಎಂಬ ಅಳುಕು ಹುಟ್ಟಿರುತ್ತದೆ.

ಇದು ಒಸಾಮು ತೆಜುಕಾನ 'ಫೀನಿಕ್ಸ್'. 1954ರಲ್ಲಿ ಮೊದಲು ಕೈಹಾಕಿ, ನಿಲ್ಲಿಸಿ, ಮತ್ತೆ ಹಿಡಿದು, ಒಂದು ಪತ್ರಿಕೆ ಮುಚ್ಚಿದರೆ ಇನ್ನೊಂದಕ್ಕೆ ಹೊತ್ತೊಯ್ದು 1988ರವರೆಗೂ ಅವನು ಬಿಡದೆ ನಡೆಸಿದ ಮಂಗಾ ಮಾಲೆ. ಹುಟ್ಟಿಗೆ ಕಾರಣ ಸ್ಟ್ರಾವಿನ್‌ಸ್ಕಿಯ ಬೆಂಕಿಹಕ್ಕಿಯ ಬ್ಯಾಲೆ. ಆ ಹಕ್ಕಿಯ ರಕ್ತ ಕುಡಿದವರಿಗೆ ಸಾವಿಲ್ಲ ಎಂಬುದು ಕಥೆಯ ತಿರುಳು. ರಾಣಿ, ದಂಡನಾಯಕ, ಬೇಟೆಗಾರ, ವಿಜ್ಞಾನಿ ಎಲ್ಲರೂ ಅದರ ಬೆನ್ನು ಹತ್ತುತ್ತಾರೆ. ಒಂದು ಭಾಗ ಪ್ರಾಚೀನ ಕಾಲದಲ್ಲಿ ನಡೆದರೆ ಮುಂದಿನದು ದೂರದ ಭವಿಷ್ಯದಲ್ಲಿ. ಹೀಗೆ ಎರಡೂ ತುದಿಗಳಿಂದ ಹೆಣೆಯುತ್ತ ಬಂದು ಕೊನೆಗೆ ವರ್ತಮಾನದಲ್ಲಿ ಗಂಟು ಹಾಕುವ ಯೋಜನೆ. ಗಂಟು ಬೀಳುವ ಮೊದಲೇ, 1989ರ ಫೆಬ್ರುವರಿ 9ರಂದು, ಹೊಟ್ಟೆಯ ಕ್ಯಾನ್ಸರಿನಿಂದ ತೆಜುಕಾ ತೀರಿಕೊಂಡ. ಅವನಿಗಾಗ ಅರವತ್ತು.

ಒಂದೇ ಮಾಲೆ ಒಬ್ಬನ ಬಾಳಿನ ದಿಕ್ಕು ಬದಲಿಸಿದ್ದಕ್ಕೆ ಫ್ರೆಡರಿಕ್ ಶಾಟ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಮೆರಿಕದ ಈ ರಾಜತಾಂತ್ರಿಕನ ಮಗ ಹದಿಹರೆಯದಲ್ಲಿ, 1965ರಲ್ಲಿ, ಜಪಾನಿಗೆ ಬಂದ. ಟೋಕಿಯೋದ ವಿಶ್ವವಿದ್ಯಾಲಯದಲ್ಲಿ ಜಪಾನಿ ಭಾಷೆ ಕಲಿಯುವಾಗ ಸಹಪಾಠಿಗಳ ಕೈಯಲ್ಲಿದ್ದ ದಪ್ಪದಪ್ಪ ಮಂಗಾ ಪತ್ರಿಕೆಗಳು ಅವನ ಕೈಗೂ ಬಂದವು. ಮೊದಲಿಗೆ ಅದೊಂದು ಹವ್ಯಾಸ. 'ಫೀನಿಕ್ಸ್' ಓದಿದ ಮೇಲೆ ಅದು ಹವ್ಯಾಸದ ಮಟ್ಟದಲ್ಲಿ ಉಳಿಯಲಿಲ್ಲ. 1977ರಲ್ಲಿ ಅವನು, ಜೇರೆಡ್ ಕುಕ್ ಮತ್ತು ಇಬ್ಬರು ಜಪಾನಿ ಗೆಳೆಯರು ಕೂಡಿ 'ದಾದಾಕಾಯ್' ಎಂಬ ಗುಂಪು ಕಟ್ಟಿದರು. ತೆಜುಕಾನ ಕಚೇರಿಗೇ ಹೋಗಿ ಅನುಮತಿ ಕೇಳಿ ಐದು ಸಂಪುಟಗಳನ್ನು ಇಂಗ್ಲಿಷಿಗೆ ತಂದರು. ಆಗ ಅದನ್ನು ಅಚ್ಚು ಹಾಕುವವರು ಸಿಗಲಿಲ್ಲ. ಹಸ್ತಪ್ರತಿ ಕಾಲು ಶತಮಾನ ಹಾಗೇ ಬಿದ್ದಿತ್ತು. 2002ರಲ್ಲಿ ವಿಜ್ ಸಂಸ್ಥೆ ಅದನ್ನು ಪ್ರಕಟಿಸತೊಡಗಿತು. ಈ ನಡುವೆ ಶಾಟ್ 1983ರಲ್ಲಿ 'ಮಂಗಾ! ಮಂಗಾ!' ಎಂಬ ಪುಸ್ತಕ ಬರೆದು ಇಂಗ್ಲಿಷ್ ಓದುಗರಿಗೆ ಆ ಲೋಕದ ಬಾಗಿಲು ತೆರೆದ, ತೆಜುಕಾ ಅಮೆರಿಕಕ್ಕೆ ಬಂದಾಗ ದುಭಾಷಿಯಾಗಿ ಜೊತೆಗೆ ಓಡಾಡಿದ. ಇಷ್ಟೆಲ್ಲಕ್ಕೂ ಬೀಜ ಆ ಬೆಂಕಿಹಕ್ಕಿ.

ಕಾಮಿಕ್ಸ್ ತೆರೆಯುವವರು ತತ್ತ್ವಶಾಸ್ತ್ರ ಹುಡುಕಿಕೊಂಡು ಬರುವುದಿಲ್ಲ. 'ಫೀನಿಕ್ಸ್' ಕೂಡ ಗಂಭೀರ ಮುಖ ಹೊತ್ತು ಕೂರುವ ಕೃತಿಯಲ್ಲ. ಗುಂಡುಗುಂಡು ಗೆರೆ, ದೊಡ್ಡ ಕಣ್ಣು, ಓಡುವಾಗ ಕಾಲ ಕೆಳಗೆ ಏಳುವ ಧೂಳಿನ ಉಂಡೆ. ನರಮೇಧದ ನಡುವೆಯೇ ತೇಪೆ ಹಾಕಿದ ಹಂದಿಮೂತಿಯ ಜೀವಿಯೊಂದು ಕಾರಣವಿಲ್ಲದೆ ಇಣುಕುತ್ತದೆ. ತೆಜುಕಾನ ಹಳೆಯ ಚೇಷ್ಟೆ ಅದು. ಅವನ ಇನ್ನೊಂದು ಅಭ್ಯಾಸವೆಂದರೆ ತನ್ನ ಪಾತ್ರಗಳನ್ನು ಸಿನಿಮಾ ನಟರಂತೆ ಬಳಸುವುದು. ಒಂದು ಕಥೆಯಲ್ಲಿ ಖಳನಾದವನು ಇನ್ನೊಂದರಲ್ಲಿ ಪೊಲೀಸ್ ಅಧಿಕಾರಿ. ಯಕ್ಷಗಾನದ ಮೇಳದಲ್ಲಿ ನಿನ್ನೆ ರಾತ್ರಿ ಕೌರವನಾಗಿ ತೊಡೆ ಮುರಿಸಿಕೊಂಡವರು ಇಂದು ರಾತ್ರಿ ಇನ್ನೊಂದು ಊರಿನಲ್ಲಿ ಕರ್ಣನಾಗಿ ಬಂದರೆ ಯಾರಿಗೂ ಅಚ್ಚರಿಯಿಲ್ಲ. ವೇಷದ ಒಳಗಿನ ಕಲಾವಿದನನ್ನು ಪ್ರೇಕ್ಷಕರು ಗುರುತಿಸುತ್ತಾರೆ, ಪಾತ್ರಕ್ಕೆ ಆ ಗುರುತು ಇರುವುದಿಲ್ಲ. ಬೇರೆ ಕೃತಿಗಳಲ್ಲಿ ಆಟವಾಗಿದ್ದ ಈ ಪದ್ಧತಿಯನ್ನು 'ಫೀನಿಕ್ಸ್'ನಲ್ಲಿ ತೆಜುಕಾ ಪುನರ್ಜನ್ಮದ ಯಂತ್ರವನ್ನಾಗಿ ಮಾಡಿದ.

ಅಲ್ಲಿಂದಲೇ ಧರ್ಮಸೂಕ್ಷ್ಮದ ಹಳೆಯ ಪ್ರಶ್ನೆಯೊಂದು ಏಳುತ್ತದೆ. ಹಿಂದಿನ ಜನ್ಮದ ನೆನಪೇ ಇಲ್ಲದವನು ಹಿಂದಿನ ಜನ್ಮದ ಪಾಪಕ್ಕೆ ಹೊಣೆಯಾಗುವುದು ಹೇಗೆ? ಆತ್ಮ ಒಂದೇ, ದೇಹ ಮಾತ್ರ ಬದಲಾಗುತ್ತದೆ ಎನ್ನುವವರಿಗೆ ಇದು ಅಷ್ಟು ಕಾಡದು. ಬೌದ್ಧರು ನಿತ್ಯವಾದ ಆತ್ಮವನ್ನೂ ಒಪ್ಪುವುದಿಲ್ಲ, ಕರ್ಮಫಲವನ್ನೂ ಬಿಡುವುದಿಲ್ಲ. ಹಾಗಾಗಿ ಪೇಚು ಅವರದೇ. 'ಮಿಲಿಂದಪ್ರಶ್ನೆ'ಯಲ್ಲಿ ಗ್ರೀಕ್ ಮೂಲದ ಅರಸ ಮಿಲಿಂದ ಇದನ್ನೇ ಕೆದಕಿದಾಗ ಭಿಕ್ಷು ನಾಗಸೇನ ಮಾವಿನ ಕಳ್ಳನ ಉದಾಹರಣೆ ಕೊಡುತ್ತಾನೆ. ಸಿಕ್ಕಿಬಿದ್ದ ಕಳ್ಳ, ತೋಟದವನು ನೆಟ್ಟದ್ದು ಬೇರೆ ಹಣ್ಣು, ನಾನು ಕಿತ್ತದ್ದು ಬೇರೆ ಹಣ್ಣು, ನನ್ನದೇನು ತಪ್ಪು ಎಂದು ವಾದಿಸಿದರೆ ಅರಸ ಒಪ್ಪುತ್ತಾನೆಯೇ? ಒಪ್ಪುವುದಿಲ್ಲ. ಆ ಹಣ್ಣಿನಿಂದಲೇ ಈ ಹಣ್ಣು ಬಂದದ್ದು. ರಾತ್ರಿಯಿಡೀ ಉರಿಯುವ ದೀಪದ ಮೊದಲ ಜಾವದ ಕುಡಿ ಮತ್ತು ಕೊನೆಯ ಜಾವದ ಕುಡಿ ಒಂದೇ ಅಲ್ಲ, ಬೇರೆಯೂ ಅಲ್ಲ ಎಂಬುದು ಅವನ ಇನ್ನೊಂದು ಸಮಾಧಾನ. ತರ್ಕ ಚೊಕ್ಕವಾಗಿದೆ. ಆದರೆ ಮಾವಿಗೆ ನೋವಿಲ್ಲ, ದೀಪಕ್ಕೆ ನನಗೇಕೆ ಹೀಗಾಯಿತು ಎಂದು ಕೇಳುವ ಬಾಯಿಲ್ಲ. ದೊಡ್ಡ ಮೂಗಿನವನಿಗೆ ಎರಡೂ ಇವೆ.

ನಾರಾದ ಕಥೆ, 'ಕರ್ಮ' ಎಂಬ ಭಾಗ, ಇಡೀ ಮಾಲೆಯ ತುತ್ತತುದಿ ಎಂದು ಅನೇಕರು ಎಣಿಸುತ್ತಾರೆ. ಅದು ಸರಿಯೇ. ಅಲ್ಲಿನ ದರೋಡೆಕೋರ ಗಾಓ ಹಸುಗೂಸಾಗಿದ್ದಾಗಲೇ ಅಪಘಾತದಲ್ಲಿ ಒಂದು ಕಣ್ಣು, ಒಂದು ಕೈ ಕಳೆದುಕೊಂಡವನು. ಊರವರ ಹೀಯಾಳಿಕೆಯಲ್ಲಿ ಬೆಳೆದು ಕೊಲೆಗಾರನಾಗುತ್ತಾನೆ. ಒಂದು ದಿನ ಅಕಾನೆಮಾರು ಎಂಬ ಶಿಲ್ಪಿ ಎದುರಾದಾಗ, ಎರಡು ಕೈ ಇರುವವನ ಮೇಲಿನ ಹೊಟ್ಟೆಕಿಚ್ಚಿಗೆ ಅವನ ಬಲಗೈಯನ್ನು ಹಾಳುಮಾಡುತ್ತಾನೆ. ಹಿಂದೊಮ್ಮೆ ಅದೇ ಗಾಓ ಒಂದು ಗುಲಗಂಜಿ ಹುಳುವನ್ನು ಕೊಲ್ಲದೆ ಬಿಟ್ಟಿರುತ್ತಾನೆ. ಬಳಿಕ ಒಬ್ಬ ಹೆಣ್ಣು ಅವನ ಬಾಳಿಗೆ ಬರುತ್ತಾಳೆ. ಮೂಗು ಊದುತ್ತಿರುವುದು ಇವಳು ವಿಷ ಹಾಕಿದ್ದರಿಂದ ಎಂಬ ಸಂಶಯಕ್ಕೆ ಅವಳನ್ನೂ ಕೊಲ್ಲುತ್ತಾನೆ. ಸತ್ತವಳು ಹುಳುವಾಗುತ್ತಾಳೆ. ತನ್ನನ್ನು ಪ್ರೀತಿಸಿದ ಏಕೈಕ ಜೀವ ಯಾವುದೆಂದು ಆಗ ಅವನಿಗೆ ಅರಿವಾಗುತ್ತದೆ.

ಕಥೆಗೆ ಹಿನ್ನೆಲೆ ಟೊಡಾಯ್‌ಜಿ ದೇವಾಲಯದ ಮಹಾಬುದ್ಧ. ಇದು ಚರಿತ್ರೆ. 735ರಿಂದ 737ರವರೆಗೆ ಸಿಡುಬು ದೇಶವನ್ನು ಗುಡಿಸಿಹಾಕಿದ ಮೇಲೆ ಚಕ್ರವರ್ತಿ ಶೋಮು 743ರಲ್ಲಿ ಈ ಕಂಚಿನ ವಿಗ್ರಹಕ್ಕೆ ಅಪ್ಪಣೆ ಕೊಟ್ಟ. ಎತ್ತರ ಹದಿನೈದು ಮೀಟರಿನ ಹತ್ತಿರ. ಲೇಪಿಸಲು ಚಿನ್ನ ಸಾಲದಾದಾಗ 749ರಲ್ಲಿ ಉತ್ತರದ ಮುತ್ಸು ಪ್ರಾಂತದಲ್ಲಿ ಚಿನ್ನ ಸಿಕ್ಕಿತು. 752ರಲ್ಲಿ ವಿಗ್ರಹಕ್ಕೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದವನು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಅವನ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ನೆರೆದವರು ಆ ದಾರ ಹಿಡಿದು ಪುಣ್ಯದಲ್ಲಿ ಪಾಲು ಪಡೆದರು. ಎಷ್ಟು ಸುಂದರವಾದ ವಿಧಿ! ತೆಜುಕಾನ ಕಣ್ಣು ಮಾತ್ರ ದಾರದ ಇನ್ನೊಂದು ತುದಿಯ ಕಡೆಗೆ. ತೆರಿಗೆ ಕಟ್ಟಿ ಹಸಿದವರು, ಬಿಟ್ಟಿ ದುಡಿಮೆಗೆ ಬಂದವರು ಅವನ ಚೌಕಟ್ಟುಗಳನ್ನು ತುಂಬುತ್ತಾರೆ. ಗಾಓನಿಗೆ ಗುರುವಾಗುವ ರೋಬೆನ್ ಎಂಬ ಭಿಕ್ಷು, ತನ್ನ ಧರ್ಮ ಅರಮನೆಯ ಆಳಾಯಿತೆಂದು ಮನಗಂಡು ಅನ್ನ ಬಿಟ್ಟು ಕುಳಿತಲ್ಲೇ ದೇಹ ಒಣಗಿಸಿಕೊಳ್ಳುತ್ತಾನೆ. ಚರಿತ್ರೆಯ ರೋಬೆನ್ ಟೊಡಾಯ್‌ಜಿಯ ಮೊದಲ ಮುಖ್ಯಸ್ಥನಾಗಿ ಬಹುಕಾಲ ಬಾಳಿದವನು. ತೆಜುಕಾ ಬೇಕೆಂದೇ ತಿರುಚಿದ್ದಾನೆ.

ಅಕಾನೆಮಾರು ಎಡಗೈಯಿಂದ ಉಳಿ ಹಿಡಿಯಲು ಕಲಿತು, ಬೆಂಕಿಹಕ್ಕಿಯನ್ನು ಕೆತ್ತಿ, ಮಹಾಬುದ್ಧನ ಕೆಲಸದ ಮೇಲ್ವಿಚಾರಕನಾಗುತ್ತಾನೆ. ದೇವಾಲಯದ ಸೂರಿಗೆ ರಾಕ್ಷಸಮುಖದ ಹೆಂಚು ಮಾಡುವ ಸ್ಪರ್ಧೆಯಲ್ಲಿ ಗಾಓ ಅವನ ಎದುರಾಳಿ. ಗಾಓ ಮಾಡಿದ ಮುಖದಲ್ಲಿ ಅವನ ಜೀವಮಾನದ ಸಿಟ್ಟೆಲ್ಲ ಇದೆ. ಗೆಲುವು ಅವನದೇ ಎಂಬುದು ಸ್ಪಷ್ಟ. ಸೋಲನ್ನು ಸಹಿಸದ ಅಕಾನೆಮಾರು ಹಳೆಯ ಅಪರಾಧವನ್ನು ಎತ್ತಿ ಆಡಿ ಗಾಓನ ಉಳಿದ ಒಂದು ಕೈಯನ್ನೂ ಕಡಿಸುತ್ತಾನೆ. ಮುಂದೆ ಬೆಂಕಿಗೆ ಸಿಕ್ಕಿ ಸಾಯುವಾಗ ಹಕ್ಕಿ ಅವನಿಗೆ ಹೇಳುವ ಸುದ್ದಿ ಭಯಂಕರವಾದದ್ದು: ಇನ್ನು ನಿನಗೆ ಮನುಷ್ಯಜನ್ಮವಿಲ್ಲ. ಎರಡೂ ಕೈಯಿಲ್ಲದ ಗಾಓ ಕಾಡಿನಲ್ಲಿ ಬದುಕಿ, ಬಾಯಲ್ಲಿ ಉಳಿ ಕಚ್ಚಿ ಕೆತ್ತುತ್ತಾನೆ.

ನ್ಯಾಯ ಎಲ್ಲಿ ಬಂತು? ಹತ್ತಾರು ಕೊಲೆ ಮಾಡಿದವನಿಗೆ ಜ್ಞಾನೋದಯ, ಒಂದು ಸಲ ಮತ್ಸರಕ್ಕೆ ಬಿದ್ದವನಿಗೆ ಮನುಷ್ಯಜನ್ಮವೇ ಇಲ್ಲ. ಈ ತೀರ್ಪು ಓದುಗನ ಗಂಟಲಲ್ಲಿ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಪಾಲಿ ಸುತ್ತಗಳ ಅಂಗುಲಿಮಾಲನ ಕಥೆ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಭಿಕ್ಷುವಾದ ಮೇಲೂ ಅವನು ಭಿಕ್ಷೆಗೆ ಹೋದಾಗ ಕಲ್ಲು, ಕೋಲು ಬೀಳುತ್ತವೆ. ತಲೆ ಒಡೆದುಕೊಂಡು ಬಂದವನಿಗೆ ಬುದ್ಧ ಸಹಿಸಿಕೋ ಎನ್ನುತ್ತಾನೆ, ಮುಂದಿನ ಜನ್ಮಗಳಲ್ಲಿ ತೀರಬೇಕಾದದ್ದು ಇಲ್ಲೇ ತೀರುತ್ತಿದೆ ಎಂಬ ಅರ್ಥದಲ್ಲಿ. ಕಲ್ಲು ಎಸೆದವರ ಸಿಟ್ಟಿಗೂ ಅಲ್ಲಿ ಜಾಗವಿದೆ. 'ಕರ್ಮ'ದಲ್ಲಿ ಗಾಓನ ಕೈಯಿಂದ ಸತ್ತವರು ಯಾರು, ಅವರ ಮನೆಯವರು ಏನಾದರು ಎಂದು ಕೇಳುವವರಿಲ್ಲ.

ಆದರೆ ಗಾಓನ ಲೆಕ್ಕ ಆ ಜನ್ಮದಲ್ಲಿ ಮುಗಿದಿಲ್ಲ ಎಂಬುದು ಓದುಗನಿಗೆ ಗೊತ್ತು. ಡಾಕ್ಟರ್ ಸರುತಾನನ್ನು ಅವನು ಆಗಲೇ ನೋಡಿದ್ದಾನೆ: ಯಾರ ಪ್ರೀತಿಯೂ ದಕ್ಕದ, ಗಾಜಿನ ಕೊಳವೆಗಳಲ್ಲಿ ಕೃತಕ ಜೀವಗಳನ್ನು ಸಾಕಿಕೊಂಡ ಒಂಟಿ ಮುದುಕ. ಗಾಓನಿಗೆ ಒಂದು ಗಳಿಗೆಯ ದರ್ಶನದಲ್ಲಿ ತನ್ನ ಹಿಂದಿನ, ಮುಂದಿನ ಮೂಗುಗಳ ಸಾಲು ಕಾಣುತ್ತದೆ ನಿಜ. ಉಳಿದ ಯಾವ ಸರುತಾನಿಗೂ ಆ ಭಾಗ್ಯವಿಲ್ಲ. ತಾನೇಕೆ ಇಷ್ಟು ಕುರೂಪಿ, ತನಗೇಕೆ ಯಾರೂ ಇಲ್ಲ ಎಂದು ಅವನು ಅಳುವಾಗ ಉತ್ತರ ಗೊತ್ತಿರುವುದು ಪುಟ ಮಗುಚುತ್ತಿರುವವನಿಗೆ. ಹೇಳಲು ದಾರಿಯಿಲ್ಲ.

ಕನ್ನಡದ ಓದುಗರಿಗೆ ಜನ್ಮಗಳ ಸರಣಿ ಹೊಸತಲ್ಲ, ನಮ್ಮ ಜೈನ ಕಾವ್ಯಗಳ ಭವಾವಳಿ ಅದೇ. ಜನ್ನನ 'ಯಶೋಧರಚರಿತೆ'ಯಲ್ಲಿ, 1209ರಲ್ಲಿ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೇ ಯಶೋಧರನೂ ಅವನ ತಾಯಿಯೂ ನವಿಲು, ನಾಯಿಯಿಂದ ಹಿಡಿದು ಹಲವು ಪ್ರಾಣಿಗಳಾಗಿ ಹುಟ್ಟಿ, ಹಿಂಸೆಪಟ್ಟು ಸಾಯುತ್ತಾರೆ. ಆ ಶಿಕ್ಷೆಯೂ ಅಳತೆ ಮೀರಿದ್ದೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕೊನೆಯಲ್ಲಿ ಅವಳಿ ಮಕ್ಕಳಾಗಿ ಹುಟ್ಟಿದ ಅವರಿಗೆ ಜಾತಿಸ್ಮರಣೆ ಉಂಟು. ಅನುಭವಿಸಿದ್ದು ಏಕೆಂದು ಅವರಿಗೇ ಗೊತ್ತು, ತಮ್ಮನ್ನು ಬಲಿಕೊಡಲು ನಿಂತ ಮಾರಿದತ್ತನಿಗೆ ಆ ಕಥೆಯನ್ನು ಹೇಳಿಯೇ ಅವನ ಕತ್ತಿ ಇಳಿಸುತ್ತಾರೆ. ಜನ್ನ ನೆನಪನ್ನು ಪಾತ್ರಗಳಿಗೆ ಕೊಟ್ಟ. ತೆಜುಕಾ ಅದನ್ನು ಅವರಿಂದ ಕಿತ್ತು ಓದುಗನ ತಲೆಗೆ ಹೊರಿಸಿದ.

'ಪುನರುತ್ಥಾನ' ಎಂಬ ಭಾಗದಲ್ಲಿ ಈ ಹೊರೆಯ ತೂಕ ಚೆನ್ನಾಗಿ ತಿಳಿಯುತ್ತದೆ. ಡಾಕ್ಟರ್ ಸರುತಾನ ಮನೆಯಲ್ಲಿ ರೊಬಿತಾ ಎಂಬ ಹಳೇ ಕಾಲದ ರೋಬಾಟ್ ಇರುತ್ತದೆ, ಡೊಳ್ಳು ಮೈ, ಮನುಷ್ಯರಂಥದೇ ಗೊಣಗಾಟ. 1967–68ರ ಓದುಗರು ಅದನ್ನು ನೋಡಿ ನಕ್ಕು ಮರೆತರು. 1970ರಲ್ಲಿ ಶುರುವಾದ 'ಪುನರುತ್ಥಾನ' ಅದರ ಪೂರ್ವಕಥೆ. ಸತ್ತು, ಕೃತಕ ಮಿದುಳಿನಿಂದ ಮರಳಿ ಬದುಕಿದ ಲಿಯೋನಾ ಎಂಬ ಯುವಕನಿಗೆ ಮನುಷ್ಯರೆಲ್ಲ ಕಲ್ಲುಮಣ್ಣಿನ ಮುದ್ದೆಗಳಂತೆ ಕಾಣುತ್ತಾರೆ. ಚಿಹಿರೊ ಎಂಬ ಯಂತ್ರ ಮಾತ್ರ ಚೆಲುವೆಯಾಗಿ ಕಾಣುತ್ತದೆ. ಕೊನೆಗೆ ಇಬ್ಬರ ಮನಸ್ಸೂ ಒಂದೇ ಯಂತ್ರದೊಳಗೆ ಬೆರೆಯುತ್ತವೆ. ಅದರ ಪ್ರತಿಗಳೇ ರೊಬಿತಾಗಳು. ಶತಮಾನಗಳ ಬಳಿಕ, ಮಗುವೊಂದರ ಸಾವಿಗೆ ಹೊಣೆ ಮಾಡಿ ಒಂದು ರೊಬಿತಾವನ್ನು ಕರಗಿಸುವ ಶಿಕ್ಷೆ ಕೊಟ್ಟಾಗ, ಉಳಿದ ರೊಬಿತಾಗಳು ಸಾಲುಗಟ್ಟಿ ಕುಲುಮೆಗೆ ನಡೆದುಹೋಗುತ್ತವೆ. ಚಂದ್ರನ ಮೇಲೆ ಉಳಿದ ಒಂದೇ ಒಂದನ್ನು ಮುಂದೆ ಸರುತಾ ಕಂಡು ಮನೆಗೆ ಒಯ್ಯುತ್ತಾನೆ. ಈಗ ಹಿಂದಕ್ಕೆ ಹೋಗಿ ಆ ಹಳೆಯ ಸಂಪುಟ ತೆರೆದು ನೋಡಿ. ಗೆರೆ ಒಂದೂ ಬದಲಾಗಿಲ್ಲ, ನಗುವುದು ಮಾತ್ರ ಸಾಧ್ಯವಿಲ್ಲ.

ಅಮರತ್ವದ ಆಸೆಗೆ ತೆಜುಕಾ ಕೊಟ್ಟ ಏಟು ಇನ್ನೂ ಕ್ರೂರ. 3404ರ ಕಥೆಯಾದ 'ಭವಿಷ್ಯ'ದಲ್ಲಿ ನಗರಗಳನ್ನು ಆಳುವ ಕಂಪ್ಯೂಟರುಗಳು ಜಗಳಕ್ಕೆ ಬಿದ್ದು ಅಣುಯುದ್ಧ ಆಗಿ ಭೂಮಿ ನಾಶವಾಗುತ್ತದೆ. ಮಸಾತೊ ಎಂಬ ಯುವಕನಿಗೆ ಮಾತ್ರ ಹಕ್ಕಿ ಸಾವಿಲ್ಲದ ವರ ಕೊಡುತ್ತದೆ. ಒಂದು ದಿನ ಅವನಿಗೆ ಶೀತನಿದ್ರೆಯ ಪೆಟ್ಟಿಗೆ ಸಿಗುತ್ತದೆ, ಒಳಗೊಬ್ಬ ಮನುಷ್ಯ, ಐದು ಸಾವಿರ ವರ್ಷದ ಮೇಲೆ ತೆರೆಯುತ್ತದೆಂಬ ಬರಹ. ಮಾತಾಡಲು ಒಬ್ಬ ಸಿಕ್ಕಾನೆಂದು ಮಸಾತೊ ಅಷ್ಟೂ ವರ್ಷ ಕಾಯುತ್ತಾನೆ. ತೆರೆದರೆ ಒಳಗೆ ಬರೀ ಪುಡಿ. ಕೋಟ್ಯಂತರ ವರ್ಷಗಳಲ್ಲಿ ಜೀವ ಮತ್ತೆ ಮೊಳೆತು, ಈ ಸಲ ಸಿಂಬಳಹುಳುಗಳು ಬುದ್ಧಿವಂತರಾಗಿ, ನಾಗರಿಕತೆ ಕಟ್ಟಿ, ತಮ್ಮೊಳಗೆ ಯುದ್ಧಮಾಡಿ ನಿರ್ನಾಮವಾಗುತ್ತವೆ. ಸಿಂಬಳಹುಳುಗಳ ಚರಿತ್ರೆಯನ್ನು ತೆಜುಕಾ ಮನುಷ್ಯರ ಚರಿತ್ರೆಯಷ್ಟೇ ಗಂಭೀರವಾಗಿ ಬರೆದಿದ್ದಾನೆ. ಬಹುಶಃ ಅದಕ್ಕಿಂತ ಸ್ವಲ್ಪ ಹೆಚ್ಚು ಪ್ರೀತಿಯಿಂದ.

ಇಂಥ ಕಣ್ಣು ಎಲ್ಲಿಂದ ಬಂತು? ತೆಜುಕಾ ಒಸಾಕಾದಲ್ಲಿ ವೈದ್ಯಕೀಯ ಓದಿದವನು, 1961ರಲ್ಲಿ ಬಸವನಹುಳುವಿನ ವೀರ್ಯಾಣುಗಳ ಮೇಲೆ ಡಾಕ್ಟರೇಟ್ ಪಡೆದವನು. ಅದಕ್ಕೂ ಮೊದಲು, 1945ರ ಜೂನ್‌ನಲ್ಲಿ, ಹದಿನಾರರ ಹುಡುಗನಾಗಿ ಒಸಾಕಾದ ಯುದ್ಧಸಾಮಗ್ರಿ ಕಾರ್ಖಾನೆಯಲ್ಲಿ ಕಾವಲುಗೋಪುರದ ಮೇಲಿದ್ದಾಗ ಅಮೆರಿಕದ ಬಾಂಬುಗಳು ಬಿದ್ದವು. ಯೊದೊ ನದಿಯ ದಂಡೆಯಲ್ಲಿ ರಾಶಿಬಿದ್ದ ಹೆಣಗಳನ್ನು ಅವನು ಮುಂದೆ ಮತ್ತೆ ಮತ್ತೆ ಬರೆದ. ಸುಟ್ಟ ಊರುಗಳು 'ಫೀನಿಕ್ಸ್'ನ ಎಲ್ಲ ಯುಗಗಳಲ್ಲೂ ಇವೆ.

1981ರ 'ವಿಚಿತ್ರ ಜೀವಿಗಳು' ಎಂಬ ಚಿಕ್ಕ ಭಾಗ ಕರ್ಮದ ಪ್ರಶ್ನೆಗೆ ಬೇರೆಯೇ ಕೋನ ಹಿಡಿಯುತ್ತದೆ. ಜಪಾನಿನ ಕರಾವಳಿಯ ಜನಪದದಲ್ಲಿ ಮತ್ಸ್ಯಕನ್ಯೆಯ ಮಾಂಸ ತಿಂದು ಎಂಟುನೂರು ವರ್ಷ ಬದುಕಿದ ಸನ್ಯಾಸಿನಿಯೊಬ್ಬಳ ಕಥೆಯುಂಟು. ತೆಜುಕಾ ಅದನ್ನು ಎತ್ತಿಕೊಂಡ. ಕ್ರೂರಿ ತಂದೆ ಗಂಡಿನಂತೆ ಬೆಳೆಸಿದ ಸಾಕೊನ್ನೊಸುಕೆ ಎಂಬ ಹೆಣ್ಣು, ಆ ತಂದೆಯ ಕಾಯಿಲೆ ವಾಸಿಯಾಗದಿರಲಿ ಎಂದು ವಾಸಿಮಾಡಬಲ್ಲ ಸನ್ಯಾಸಿನಿಯನ್ನು ಕೊಲ್ಲುತ್ತಾಳೆ. ಆಮೇಲೆ ಆಶ್ರಮ ಬಿಟ್ಟು ಹೊರಡಲು ದಾರಿಯೇ ಸಿಗುವುದಿಲ್ಲ. ಹೊರಗಿನ ಕಾಲ ಮೂವತ್ತು ವರ್ಷ ಹಿಂದಕ್ಕೆ ಜಾರಿದೆ. ಗಾಯಗೊಂಡವರು ಬಾಗಿಲಿಗೆ ಬರುತ್ತಾರೆ, ಅವಳು ಒಲ್ಲದ ಮನಸ್ಸಿನಿಂದ ಸನ್ಯಾಸಿನಿಯ ಉಡುಪು ತೊಟ್ಟು ಹಕ್ಕಿಯ ಗರಿಯಿಂದ ಅವರನ್ನು ಗುಣಪಡಿಸುತ್ತಾಳೆ. ಮನುಷ್ಯರಾದ ಮೇಲೆ ಭೂತಗಳೂ ಬರುತ್ತವೆ. ಮೂವತ್ತು ವರ್ಷ ಕಳೆದಾಗ ತನ್ನನ್ನು ಕೊಲ್ಲಲು ಬರುವವಳು ಯಾರೆಂದು ಅವಳಿಗೆ ತಿಳಿದಿರುತ್ತದೆ. ಇಲ್ಲಿ ಪುನರ್ಜನ್ಮವಿಲ್ಲ, ಮರೆವೂ ಇಲ್ಲ. ಕೊಂದವಳೂ ಸತ್ತವಳೂ ಒಬ್ಬಳೇ, ನಡುವಿನ ಮೂವತ್ತು ವರ್ಷದ ಸೇವೆಯೇ ಶಿಕ್ಷೆ. ಗಾಓನ ಕಥೆಯಲ್ಲಿ ಬಿಟ್ಟುಹೋದ ಲೆಕ್ಕ ಇಲ್ಲಿ ಪೈಸೆಗೆ ಪೈಸೆ ಹೊಂದುತ್ತದೆ. ಹೊಂದಿದ ಮೇಲೂ ಹಾಯೆನಿಸುವುದಿಲ್ಲ, ಏಕೆಂದರೆ ಆ ಸುತ್ತು ನಿಲ್ಲುವುದಿಲ್ಲ.

ಇದೇ ಕಾಲದಲ್ಲಿ ತೆಜುಕಾ ಇನ್ನೊಂದು ಧಾರಾವಾಹಿಯಾಗಿ 'ಬುದ್ಧ'ವನ್ನೂ ಬರೆದ, 1972ರಿಂದ 1983ರವರೆಗೆ. ಭಾರತದಲ್ಲಿ ಹಾರ್ಪರ್‌ಕಾಲಿನ್ಸ್ ಎಂಟು ಸಂಪುಟಗಳಲ್ಲಿ ಅದನ್ನು ತಂದದ್ದರಿಂದ ನಮ್ಮಲ್ಲಿ ಅನೇಕರು ಮಂಗಾಕ್ಕೆ ಕಾಲಿಟ್ಟದ್ದು ಆ ಬಾಗಿಲಿಂದ. ಅಲ್ಲಿ ನಾರದತ್ತ ಎಂಬ ಶಿಷ್ಯ ಒಬ್ಬ ಹುಡುಗನ ಜೀವ ಉಳಿಸಲು ಹಲವು ಪ್ರಾಣಿಗಳ ಜೀವ ಹೋಗಲು ಕಾರಣನಾಗಿ, ಗುರುವಿನ ಶಾಪಕ್ಕೆ ಸಿಕ್ಕಿ ಉಳಿದ ಬದುಕನ್ನೆಲ್ಲ ನಾಲ್ಕು ಕಾಲಿನ ಮೃಗವಾಗಿ ಕಳೆಯುತ್ತಾನೆ. ಕರುಣೆಯಿಂದ ಮಾಡಿದ್ದಕ್ಕೂ ಫಲ ತಪ್ಪಿದ್ದಲ್ಲ. ನಾರದತ್ತನಿಗೆ ಮಾತ್ರ ತನ್ನ ತಪ್ಪೇನೆಂದು ಗೊತ್ತು, ಅಷ್ಟರ ಮಟ್ಟಿಗೆ ಅವನು ಸರುತಾನಿಗಿಂತ ಪುಣ್ಯವಂತ.

ಕೊನೆಯ ಭಾಗ 'ಸೂರ್ಯ' 1986ರಿಂದ 1988ರವರೆಗೆ ಬಂತು. ಏಳನೆಯ ಶತಮಾನದಲ್ಲಿ ಕೊರಿಯಾದ ಬೆಕ್ಜೆ ರಾಜ್ಯದ ಯೋಧನೊಬ್ಬ ಸೆರೆಸಿಕ್ಕಾಗ ವೈರಿಗಳು ಅವನ ಮುಖದ ಚರ್ಮ ಸುಲಿದು ತೋಳದ ತಲೆ ಹೊದಿಸುತ್ತಾರೆ. ಹಾಗೇ ಜಪಾನಿಗೆ ಬಂದವನು ಅಲ್ಲಿ ನೋಡುವುದು ಅರಮನೆಯ ಬೆಂಬಲದ ಬೌದ್ಧಧರ್ಮ ಊರೂರಿನ ಕಾಡುದೇವತೆಗಳನ್ನು ಒಕ್ಕಲೆಬ್ಬಿಸುವುದನ್ನು. ಇತ್ತ ಇಪ್ಪತ್ತೊಂದನೆಯ ಶತಮಾನದಲ್ಲಿ ಬೆಂಕಿಹಕ್ಕಿಯನ್ನೇ ದೇವರೆಂದು ಹೇಳಿ ಆಳುವ ಪಂಥವೊಂದನ್ನು ಬಂಡಾಯಗಾರರು ಉರುಳಿಸಿ, ಗೆದ್ದ ಮೇಲೆ ತಮ್ಮದೇ ಹೊಸ ಪಂಥ ಸಾರುತ್ತಾರೆ. ತಾನು ಯಾರ ಕಡೆ ಎಂದು ಹಕ್ಕಿ ಹೇಳುವುದಿಲ್ಲ. ನಂಬಿದವರ ಮಟ್ಟಿಗೆ ಎಲ್ಲ ನಂಬಿಕೆಯೂ ಸರಿಯೇ, ಆದ್ದರಿಂದಲೇ ಜಗಳ ಮುಗಿಯದು ಎನ್ನುವ ಧಾಟಿಯಲ್ಲಿ ಮಾತಾಡಿ ಹಾರಿಹೋಗುತ್ತದೆ.

ವರ್ತಮಾನದ ಭಾಗ ಬರಲೇ ಇಲ್ಲ. ಜಪಾನ್–ಚೀನಾ ಯುದ್ಧದ ಕಾಲದ ಕಥೆಯೊಂದಕ್ಕೆ ತೆಜುಕಾ ಮಾಡಿಟ್ಟಿದ್ದ ಪುಟ್ಟ ಟಿಪ್ಪಣಿಯನ್ನು ಹಿಡಿದು ಕಾದಂಬರಿಕಾರ್ತಿ ಕಜುಕಿ ಸಕುರಾಬಾ 2019ರಿಂದ 'ಅಸಾಹಿ ಶಿಂಬುನ್' ಪತ್ರಿಕೆಯಲ್ಲಿ ಧಾರಾವಾಹಿ ಬರೆದರು. 2021ರಲ್ಲಿ ಅದು ಪುಸ್ತಕವಾಯಿತು. ಕಥೆ ಶುರುವಾಗುವುದು 1938ರ ಶಾಂಘೈಯಲ್ಲಿ, ಸರುತಾ ಎಂಬ ಹೆಸರಿನವನೂ ಅಲ್ಲಿದ್ದಾನೆ. ಕಾದಂಬರಿಯಾದ್ದರಿಂದ ಅವನ ಮೂಗನ್ನು ಓದುಗರೇ ಬರೆದುಕೊಳ್ಳಬೇಕು.